ಒಂದು ಬೆವರಿನ ಗಾಳಿ

ನಮ್ಮ ಊರಿಗೆ ಗಾಳಿ ಪಾಳಿಯ ಮೇಲೆ ಬರುತ್ತದೆ. ಸೋಮವಾರ ಎಣ್ಣೆಗಾಣದ ಬೀದಿಗೆ, ಮಂಗಳವಾರ ಕುಂಬಾರ ಬೀದಿಗೆ, ಹೀಗೆ ಏಳು ಬೀದಿಗೆ ಏಳು ದಿನ. ಪಾಳಿ ಇಲ್ಲದ ದಿನ ದೀಪದ ಕುಡಿ ಗೋಡೆಗೆ ಬರೆದ ಹಾಗೆ ನಿಂತಿರುತ್ತದೆ, ಹಗ್ಗದ ಮೇಲಿನ ಸೀರೆ ಅಲುಗುವುದಿಲ್ಲ. ಬೀಸಣಿಗೆ ಬೀಸಿದರೆ ಕೈ ನೋಯುತ್ತದೆ ಅಷ್ಟೆ, ಗಾಳಿ ಹುಟ್ಟುವುದಿಲ್ಲ. ಹೊರಗಿನಿಂದ ಮದುವೆಯಾಗಿ ಬಂದ ಸೊಸೆಯರು ತವರಿಂದ ಬೀಸಣಿಗೆ ತರುತ್ತಾರೆ. ಒಂದು ವಾರ ಬೀಸಿ ನೋಡಿ, ಆಮೇಲೆ ಅದರಲ್ಲಿ ಒಲೆಯ ಬೂದಿ ಎತ್ತುತ್ತಾರೆ.

ಊರಿನ ಮೂಡಣಕ್ಕೆ ಗುಡ್ಡವಿದೆ. ಗುಡ್ಡದ ಮೇಲಿನ ಕಣಿವೆಗೆ ಅಡ್ಡಲಾಗಿ ಹೊನ್ನೆ ಮರದ ಏಳು ಕದಗಳಿವೆ, ಬೀದಿಗೊಂದು. ಗಾಳಿ ಅದರಾಚೆ ಇರುತ್ತದೆ. ಬೇರೆ ಊರುಗಳಲ್ಲಿ ಕೆರೆಯ ತೂಬು ಎತ್ತಲು ನೀರುಗಂಟಿ ಇರುವಂತೆ ನಮ್ಮಲ್ಲಿ ಕದ ತೆಗೆಯಲು ಗಾಳಿಗಂಟಿ. ಈಗಿನ ಗಾಳಿಗಂಟಿ ನಾನು, ನಿಂಗಾಜಮ್ಮ. ಮೊದಲು ನನ್ನ ಗಂಡ ಆಗಿದ್ದ. ಅವನು ತೀರಿಕೊಂಡಾಗ ದಿನಾ ಗುಡ್ಡ ಹತ್ತುವ ಕೆಲಸಕ್ಕೆ ಒಬ್ಬ ಗಂಡಸೂ ಮುಂದೆ ಬರಲಿಲ್ಲ. ಒಬ್ಬನಿಗೆ ಮಂಡಿನೋವು, ಒಬ್ಬನಿಗೆ ಉಬ್ಬಸ. ನನ್ನ ಮೈದುನ ಓಂಕಾರಿಗೆ ಬೆಳಿಗ್ಗೆ ಏಳುವುದೇ ಒಂದು ರೋಗ. ಹಾಗಾಗಿ ಕದಗಳ ಕೀಲಿ ನನ್ನ ಸೊಂಟಕ್ಕೆ ಬಂತು. ಅದರ ಜೊತೆಗೆ ಗುಡ್ಡದ ಬುಡದ ಮನೆ, ಸುಗ್ಗಿಯಲ್ಲಿ ಪ್ರತಿ ಮನೆಯಿಂದ ಒಂದು ಮೊರ ರಾಗಿ. ಮನೆ, ರಾಗಿ ಹಾಗಿರಲಿ. ಊರಲ್ಲಿ ದಿನಾ ಗಾಳಿಯ ಎದುರು ನಿಲ್ಲುವವಳು ನಾನೊಬ್ಬಳೇ. ಬೆಳಿಗ್ಗೆ ಗುಡ್ಡ ಹತ್ತಿ ಕದಕ್ಕೆ ಕಿವಿಗೊಟ್ಟು, ಒಳಗೆ ಅದು ಗುಂಯ್‌ಗುಡುವುದನ್ನು ಕೇಳಿದರೆ ಗಂಡ ಸತ್ತ ದುಃಖವೂ ಸ್ವಲ್ಪ ಹೊತ್ತು ದೂರ ನಿಲ್ಲುತ್ತಿತ್ತು. ಆ ಸುಖವನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಅದರಲ್ಲೂ ಪಾಳಿ ಕೇಳುವ ಜನ ನಮ್ಮವರು.

ಗಾಳಿಯ ಅಳತೆಗೆ ನಮ್ಮಲ್ಲಿ ಗಡಿಯಾರ ಇಲ್ಲ, ಬೆವರಿದೆ. ಗುಡ್ಡ ಹತ್ತಿದವರಿಗೆ ಬೆನ್ನೆಲ್ಲ ಬೆವರಿರುತ್ತದಲ್ಲ. ಕದ ತೆಗೆದು, ಅದರ ಮುಂದಿನ ಹಾಸುಗಲ್ಲಿನ ಮೇಲೆ ಗಾಳಿಗೆ ಬೆನ್ನುಕೊಟ್ಟು ಕೂರಬೇಕು. ಹಾಸುಗಲ್ಲಿನ ಮೇಲೆ ಕೂತವರ ಬೆವರು ಆರುವ ತನಕ ಕದ ಮುಚ್ಚಬಾರದು, ಆರಿದ ಮೇಲೆ ಗಳಿಗೆಯೂ ತೆರೆದಿಡಬಾರದು. ಇದು ಕಟ್ಟಳೆ. ಆರಿತೋ ಇಲ್ಲವೋ ಎಂದು ನೋಡಲು ಆ ದಿನ ಪಾಳಿಯಿರುವ ಬೀದಿಯಿಂದ ಒಬ್ಬರು ಬಂದು ಬೆನ್ನ ಮೇಲೆ ಅಂಗೈ ಇಡುತ್ತಾರೆ. ಗಾಳಿಗಂಟಿ ಹೆಂಗಸಾದ ಮೇಲೆ ಕೈ ಇಡುವವರೂ ಹೆಂಗಸರಾದರು. ಅವರು ‘ಆರಿತು’ ಎಂದರೆ ಒಂದು ಬೆವರು ಮುಗಿಯಿತು. ಹೆಚ್ಚುಕಡಿಮೆ ಒಂದು ಕಣದ ರಾಗಿ ತೂರುವಷ್ಟು ಹೊತ್ತು. ನಮ್ಮೂರಲ್ಲಿ ಮೆಣಸಿನಕಾಯಿ ಮೂರು ಬೆವರಿಗೆ ಒಣಗುತ್ತದೆ, ಮಳೆಗಾಲದಲ್ಲಿ ಕಂಬಳಿ ಐದು ಬೆವರಾದರೂ ಒಣಗುವುದಿಲ್ಲ.

ಪಾಳಿಯ ದಿನ ಆ ಬೀದಿಯ ಗಂಡಸರು ಅಂಗಿ ಬಿಚ್ಚಿ ಜಗಲಿಯ ಮೇಲೆ ಕೂತು ಗಾಳಿ ತಿನ್ನುತ್ತಾರೆ. ಹೆಂಗಸರು ರಾಗಿ ತೂರಬೇಕು, ಹಾಸಿಗೆ ಹರವಬೇಕು, ಗಾಳಿಗೆಂದು ಬಂದ ನೆಂಟರಿಗೆ ಅಡಿಗೆ ಮಾಡಬೇಕು. ನಾನು ಕದ ಮುಚ್ಚಿ ಗುಡ್ಡ ಇಳಿದು ಬರುವಾಗ ಎಷ್ಟೋ ಹೆಂಗಸರು ಒಲೆಯ ಮುಂದಿನಿಂದ ಎದ್ದು ಬಂದು, ಆಗಲೇ ಹೋಯಿತೇ ಎಂದು ಕೇಳುತ್ತಿದ್ದರು. ನಾನು ಅದನ್ನು ಬರಿಯ ಮಾತೆಂದುಕೊಂಡಿದ್ದೆ.

ನನಗೆ ಐವತ್ತು ತುಂಬಿದ ವರ್ಷ ಅದು. ಮುಟ್ಟು ಒಂದು ತಿಂಗಳು ಬಂದು ಎರಡು ತಿಂಗಳು ತಪ್ಪುತ್ತಿತ್ತು. ಪೀಡೆ ಕಳೆಯಿತು ಎಂದುಕೊಂಡು ಆರಾಮವಾಗಿದ್ದೆ. ಒಂದು ಸೋಮವಾರ ಎಣ್ಣೆಗಾಣದ ಬೀದಿಯ ಕದ ತೆಗೆದು ಕಲ್ಲಿನ ಮೇಲೆ ಕೂತಿದ್ದೇನೆ, ಬೆನ್ನ ಮೇಲೆ ಹುಚ್ಚೀರಮ್ಮನ ಕೈ ಇದೆ. ಹುಚ್ಚೀರಮ್ಮ ಸೊಪ್ಪು ಮಾರುವವಳು, ನನ್ನ ವಾರಿಗೆಯವಳು, ಗೆಳತಿ.

“ಆರ್ತಾ ಬಂತು ಕಣೆ,” ಎಂದಳು. ಸ್ವಲ್ಪ ತಡೆದು, “ಇರು, ಇದೇನೆ ನಿಂಗಾಜಿ, ಮತ್ತೆ ಒದ್ದೆ ಆಯ್ತಲ್ಲ.”

ಅಷ್ಟರಲ್ಲಿ ನನಗೂ ಗೊತ್ತಾಗಿತ್ತು. ಹೊಕ್ಕುಳ ಹತ್ತಿರ ಯಾರೋ ಒಲೆ ಹಚ್ಚಿದ ಹಾಗಾಗಿ ಉರಿ ಎದೆಗೆ ಬಂತು, ಎದೆಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಕಿವಿಗೆ. ಕಿವಿಯ ತುದಿ ಚುರುಗುಟ್ಟಿತು. ಬೆನ್ನಿಗೆ ಗಾಳಿ ಬಡಿಯುತ್ತಲೇ ಇದೆ, ಬೆವರು ಇಳಿಯುತ್ತಲೇ ಇದೆ. ಒಂದು ಝಳ ತಣಿಯುವುದರೊಳಗೆ ಇನ್ನೊಂದು. ಕಟ್ಟಳೆ ಕಟ್ಟಳೆಯೇ, ಕದ ಮುಚ್ಚುವ ಹಾಗಿಲ್ಲ. ಆ ದಿನ ಎಣ್ಣೆಗಾಣದ ಬೀದಿಗೆ ಮಧ್ಯಾಹ್ನದವರೆಗೂ ಗಾಳಿ ಬೀಸಿತು. ಹಪ್ಪಳ ಕುಂಬಾರ ಬೀದಿಗೆ ಹಾರಿಹೋದವು, ಕುಂಬಾರ ಬೀದಿಯವರು ತಿಂದು ಮುಗಿಸಿ ಮೇಲೆ ಸಿಕ್ಕಿಲ್ಲವೆಂದರು. ಎರಡು ಬೀದಿಗೂ ಜಗಳ ಹತ್ತಿತು.

ಮಾರನೆಯ ದಿನ ಇನ್ನೊಂದು ಥರ. ಝಳ ಬಂದು ಹೋದ ಹಿಂದೆಯೇ ಮೈ ನಡುಗುವಂಥ ಚಳಿ. ಬೆವರು ಕಣ್ಣು ಮುಚ್ಚಿ ತೆರೆಯುವುದರಲ್ಲಿ ಆರಿತು. ಕೈ ಇಟ್ಟವಳು ಆರಿತು ಎಂದಳು, ನಾನು ಮುಚ್ಚಿದೆ. ಕುಂಬಾರ ಬೀದಿಯ ಕಣಗಳಲ್ಲಿ ರಾಗಿ ಅರ್ಧ ತೂರಿ ಅರ್ಧ ಉಳಿಯಿತು. ಹಪ್ಪಳ ತಿಂದದ್ದಕ್ಕೆ ಸೇಡು ತೀರಿಸಿಕೊಂಡಳು ಎಂದು ಬೈದರು. ಗೆಳತಿಯ ಬೀದಿಗೆ ಮೊರದಲ್ಲಿ, ನಮಗೆ ಚಿಟಿಕೆಯಲ್ಲಿ ಎಂದು ಉಳಿದ ಬೀದಿಯವರೂ ಸೇರಿಕೊಂಡರು. ಹೀಗೆ ಒಂದು ಬೀದಿಗೆ ಹೊಳೆ, ಒಂದು ಬೀದಿಗೆ ಹನಿ ಎಂಬಂತೆ ಎರಡು ಮೂರು ವಾರ ನಡೆದ ಮೇಲೆ ಪಂಚಾಯ್ತಿಯವರು ನನ್ನನ್ನು ಕಟ್ಟೆಗೆ ಕರೆಸಿದರು.

ಕಟ್ಟೆಯ ಯಜಮಾನ ಶಾಂತವೀರಪ್ಪಗೌಡರು. ಕೆಟ್ಟ ಮನುಷ್ಯರಲ್ಲ, ಆದರೆ ಮುಖವನ್ನು ಯಾವಾಗಲೂ ನ್ಯಾಯ ಹೇಳುವ ಹಾಗೆ ಇಟ್ಟುಕೊಂಡಿರುತ್ತಾರೆ. ಅವರ ಪಕ್ಕದಲ್ಲಿ ನನ್ನ ಮೈದುನ ಓಂಕಾರಿ ಎಣ್ಣೆ ಹಾಕಿ ತಲೆ ಬಾಚಿಕೊಂಡು ಕೂತಿದ್ದ. ಅವನು ತಲೆ ಬಾಚಿದ್ದು ನೋಡಿಯೇ ನನಗೆ ವಿಷಯ ಅರ್ಥವಾಯಿತು.

“ಗೌಡ್ರೇ, ನಮ್ಮತ್ತಿಗೆ ಬಗ್ಗೆ ನಂಗೇನೂ ಬ್ಯಾಸರ ಇಲ್ಲ,” ಎಂದು ಅವನು ಶುರು ಮಾಡಿದ. “ವಯಸ್ಸಾಯ್ತು, ಮೈ ಮಾತು ಕೇಳ್ತಿಲ್ಲ. ಹೆಂಗಸ್ರ ಮೈ ವಿಷಯ ಕಟ್ಟೇಲಿ ಆಡೋದೂ ಚೆಂದ ಅಲ್ಲ. ಕೀಲಿ ಈ ಕಡೆ ಕೊಟ್ಟು ಮನೇಲಿ ಆರಾಮಾಗಿ ಇರ್ಲಿ ಅಂತ.”

“ಯಾವ ಮನೇಲಿ ಓಂಕಾರಿ,” ಎಂದೆ. “ಕೀಲಿ ಜೊತೆ ಮನೇನೂ ನಿಂದೇ ಆಗ್ತೈತಲ್ಲ.”

ಅವನು ಗೌಡರ ಮುಖ ನೋಡಿದ. ಗೌಡರು ಕೆಮ್ಮಿದರು. “ನೋಡವ್ವ ನಿಂಗಾಜಮ್ಮ, ಅಳತೆಗೋಲೇ ಉದ್ದ ಗಿಡ್ಡ ಆದ್ರೆ ವ್ಯಾಪಾರ ಹೆಂಗೆ ನಡೀತೈತೆ. ಮುಂದಿನ ಹುಣ್ಣಿಮೆ ತನಕ ವಾಯಿದೆ ಕೊಡ್ತೀನಿ. ಅವತ್ತು ಏಳು ಬೀದಿಯೋರ ಮುಂದೆ ನೀನು ಹತ್ತಿ ಕೂತ್ಕೋಬೇಕು. ಬೆವರು ಹದವಾಗಿ ಆರಿದ್ರೆ ಕೀಲಿ ನಿಂದು. ಇಲ್ಲಾಂದ್ರೆ ಓಂಕಾರೀದು. ಏನಾರ ಮದ್ದು ಗಿದ್ದು ಮಾಡ್ಕೋ.”

ನಾನು ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಮನೆ ಹೋಗುವುದಕ್ಕೆ ಅಳಲಿಲ್ಲ. ಇನ್ನು ವಾರಕ್ಕೊಂದು ಸಲ, ಅದೂ ಓಂಕಾರಿ ಕದ ತೆಗೆದರೆ ಉಂಟು ಎನ್ನುವ ಗಾಳಿಗಾಗಿ ಯಾರದೋ ಜಗಲಿಯಂಚಿನಲ್ಲಿ ಕಾಯಬೇಕಲ್ಲ ಎಂದು ಅತ್ತೆ. ಅಳುವಾಗಲೂ ಒಂದು ಝಳ ಬಂತು. ಕಣ್ಣೀರು ಯಾವುದು ಬೆವರು ಯಾವುದು ಗೊತ್ತಾಗಲಿಲ್ಲ, ನಗು ಬಂತು, ಎದ್ದು ಮುಖ ತೊಳೆದುಕೊಂಡು ಹುಚ್ಚೀರಮ್ಮನ ಮನೆಗೆ ಹೋದೆ.

ತನಗೆ ಗೊತ್ತಿಲ್ಲದ ಸೊಪ್ಪಿಲ್ಲ, ಬೇರಿಲ್ಲ ಎಂದು ಹುಚ್ಚೀರಮ್ಮ ಹೇಳುತ್ತಿರುತ್ತಾಳೆ. ಹೇಳುವವಳು ಅವಳೊಬ್ಬಳೇ. ಮೊದಲನೆಯ ದಿನವೇ ಮುಳ್ಳನ್ನು ಮುಳ್ಳಿಂದಲೇ ತೆಗೆಯಬೇಕು ಎಂದು ಹುರುಳಿ ಕಟ್ಟಿನ ಸಾರು, ನುಗ್ಗೆಸೊಪ್ಪಿನ ಪಲ್ಯ, ಜೊತೆಗೆ ಬೆಳ್ಳುಳ್ಳಿ ಚಟ್ನಿ ಬಡಿಸಿದಳು. ಆ ಮುಳ್ಳು ಈ ಮುಳ್ಳಿನ ಜೊತೆ ನೆಂಟಸ್ತನ ಬೆಳೆಸಿತು. ಆ ರಾತ್ರಿ ಉರಿ ತಾಳಲಾರದೆ ನಾನು ಹಿತ್ತಲ ಬಾನಿಗೆ ಇಳಿದು ಕುತ್ತಿಗೆವರೆಗೆ ನೀರಲ್ಲಿ ಕೂತೆ. ಬೆಳಿಗ್ಗೆ ಹುಚ್ಚೀರಮ್ಮ ಬಂದು ನೋಡಿ, “ಹಂಗಾದ್ರೆ ಉಷ್ಣ ಅಲ್ಲ, ತಂಪು ಕೊಡಬೇಕಾಗಿತ್ತು,” ಎಂದಳು, ತಾನೇ ಕಂಡುಹಿಡಿದವಳ ಹಾಗೆ.

ಅಲ್ಲಿಂದ ತಂಪು ಶುರುವಾಯಿತು. ಕುಡಿಯುವ ನೀರಿನ ಮಡಕೆಗೆ ಲಾವಂಚದ ಬೇರು ಬಿತ್ತು. ಹೊತ್ತಾರೆ ಬೂದುಗುಂಬಳದ ರಸ, ಅದು ಉರಿಗೆ ಏನು ಮಾಡಿತೋ ತಿಳಿಯದು, ನನ್ನನ್ನು ನಾಲ್ಕು ಸಲ ಬೇಲಿಯ ಹಿಂದಕ್ಕೆ ಓಡಿಸಿತು. ನಾಮದ ಬೇರು ಕುದಿಸಿ, ಆರಿಸಿ, ಹಾಲು ಬೆಲ್ಲ ಹಾಕಿ ಕುಡಿದದ್ದು ಮಾತ್ರ ಗಂಟಲಿನಿಂದ ಹೊಟ್ಟೆಯವರೆಗೂ ಹಿತವಾಗಿತ್ತು. ಅನ್ನಕ್ಕೆ ಅಗಸೆ ಬೀಜದ ಪುಡಿ, ಮಜ್ಜಿಗೆಗೆ ನೆನೆಸಿದ ಮೆಂತ್ಯ, ಮಲಗುವಾಗ ನೆತ್ತಿಗೂ ಅಂಗಾಲಿಗೂ ಹರಳೆಣ್ಣೆ. ಒಂದು ದಿನ ಗೊಂಚಲು ಗೊಂಚಲಾದ ಬಿಳಿ ಬೇರು ತಂದು ಮುಂದಿಟ್ಟು, ಇದು ಹಲವು ಮಕ್ಕಳ ತಾಯಿ ಬೇರು ಎಂದಳು.

“ಈ ವಯಸ್ಸಲ್ಲಿ ಇನ್ಯಾವ ಮಕ್ಕಳೇ ತಾಯಿ,” ಎಂದೆ.

“ಹೆಸ್ರಿಗೆ ಯಾರಾರ ಹೆದರ್ತಾರೇನೆ. ಹಾಲಲ್ಲಿ ಬೇಯಿಸ್ಕೊಂಡು ಕುಡಿ. ಗಂಡನೇ ಇಲ್ಲ, ಇನ್ನೆಲ್ಲಿ ಬರ್ತಾವೆ ಮಕ್ಕಳು.”

ನಮ್ಮಿಬ್ಬರ ಮಾತು ಹೀಗೇ. ಅವಳ ಎಲ್ಲ ಮದ್ದಿಗಿಂತ ಕಷ್ಟವಾದದ್ದು ಕಾಫಿ ಬಿಟ್ಟದ್ದು. ಕಾಫಿ ಕುಡಿದ ಹಿಂದೆಯೇ ಝಳ ಬರುತ್ತದೆ ಎನ್ನುವುದನ್ನು ಕಂಡುಕೊಂಡವಳು ನಾನೇ, ಆದ್ದರಿಂದ ಯಾರನ್ನೂ ಬೈಯುವ ಹಾಗಿರಲಿಲ್ಲ. ಕಾಫಿ ಬಿಟ್ಟೆ, ಖಾರ ತಗ್ಗಿಸಿದೆ, ಬಿಗಿ ರವಿಕೆ ಬಿಚ್ಚಿ ಸಡಿಲದ್ದು ಹೊಲಿಸಿದೆ. ಕಾಫಿ ಬಿಟ್ಟ ಮೊದಲ ವಾರ ನನ್ನ ಎದುರು ಬಂದ ನಾಯಿಯೂ ಬೈಸಿಕೊಂಡಿತು.

ಈ ಸುದ್ದಿ ಬೀದಿಬೀದಿಗೆ ಹರಡಿ ಹೆಂಗಸರು ಒಬ್ಬೊಬ್ಬರಾಗಿ ಬರತೊಡಗಿದರು. ಬರುವಾಗ ಸೆರಗಿನೊಳಗೆ ಒಂದು ಮದ್ದು. ಒಬ್ಬಳು ಕಾಮಕಸ್ತೂರಿ ಬೀಜ ತಂದಳು, ಅವಳ ನಾದಿನಿಗೆ ಅದರಿಂದ ಗುಣವಾಗಿತ್ತಂತೆ. ಇನ್ನೊಬ್ಬಳು ದಾಳಿಂಬೆ ಸಿಪ್ಪೆಯ ಪುಡಿ ತಂದಳು, ಅವಳ ನಾದಿನಿ ಅದನ್ನೇ ಮಜ್ಜಿಗೆಯಲ್ಲಿ ಕುಡಿಯುತ್ತಿದ್ದಳಂತೆ. ಮತ್ತೊಬ್ಬಳ ನಾದಿನಿ ಬಾಳೆ ಎಲೆ ಹಾಸಿಕೊಂಡು ಮಲಗುತ್ತಿದ್ದಳಂತೆ. ಉರಿ ಎಲ್ಲಿಂದ ಏಳುತ್ತದೆ, ಎಲ್ಲಿ ನಿಲ್ಲುತ್ತದೆ, ಎಚ್ಚರವಾದಾಗ ದಿಂಬು ಎಷ್ಟು ಒದ್ದೆಯಾಗಿರುತ್ತದೆ ಎನ್ನುವುದೆಲ್ಲ ಇವರಿಗೆ ಬಾಯಿಪಾಠ. ಊರಲ್ಲಿ ಇಷ್ಟೊಂದು ನಾದಿನಿಯರು ಇದ್ದಾರೆಂದು ನನಗೆ ಗೊತ್ತೇ ಇರಲಿಲ್ಲ.

ನಾದಿನಿಯ ಸುದ್ದಿ ಎತ್ತದವಳು ಒಬ್ಬಳೇ, ಶಾಂತವೀರಪ್ಪಗೌಡರ ಹೆಂಡತಿ ಕೊಟ್ರಮ್ಮ. ಮೇಗಲ ಬೀದಿಯ ಪಾಳಿಯ ದಿನ ನನ್ನ ಬೆನ್ನಿಗೆ ಕೈ ಇಡುವವಳು ಅವಳೇ. ಎತ್ತರದ ಹೆಂಗಸು, ಗಂಟು ಮುಖ, ಎರಡು ಮಾತಾಡಿದರೆ ಮೂರನೆಯದು ಖರ್ಚು ಎನ್ನುವವಳು. ಝಳ ಬಂದಾಗ ನನ್ನ ಬೆನ್ನು ಮುಟ್ಟಿ ಕಾದ ಹೆಂಚು ಮುಟ್ಟಿದವಳ ಹಾಗೆ ಕೈ ಎಳೆದುಕೊಂಡಳು. ಅಂಗೈಯನ್ನು ಸೆರಗಿಗೆ ಒರೆಸಿಕೊಂಡು, “ಇಂಥವನ್ನ ಊರಿಗೆಲ್ಲ ಹೇಳ್ಕೊಂಡು ತಿರುಗಬಾರ್ದು,” ಎಂದಳು. ನನಗೆ ಸಿಟ್ಟು ಬಂತು. ಯಜಮಾನರ ಹೆಂಡತಿ, ಏನು ಹೇಳುವುದು ಎಂದು ಸುಮ್ಮನಾದೆ.

ಹುಣ್ಣಿಮೆ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಬೇರು ಮುಗಿಯಿತೆಂದು ಹುಚ್ಚೀರಮ್ಮನ ಮನೆಗೆ ಹೋದೆ. ಕೂಗಿದರೆ ಉತ್ತರವಿಲ್ಲ. ಹಿತ್ತಲಿಗೆ ಹೋಗಿ ನೋಡಿದರೆ ಅವಳು ನೆಲಕ್ಕೆ ಕೂತು ನೀರಿನ ದೊಡ್ಡ ಮಡಕೆಯನ್ನು ಮಗುವನ್ನು ತಬ್ಬಿದ ಹಾಗೆ ತಬ್ಬಿಕೊಂಡು, ಕೆನ್ನೆ ಅದಕ್ಕೆ ಒತ್ತಿ ಕಣ್ಣು ಮುಚ್ಚಿದ್ದಾಳೆ. ರವಿಕೆ ಹಿಂಡಿದರೆ ನೀರು ಬರುವಂತಿತ್ತು. ನನ್ನನ್ನು ಕಂಡು ಏಳಲು ಹೋದವಳು ಏಳಲಿಲ್ಲ.

“ನಾದಿನಿದೇನೇ,” ಎಂದೆ.

“ನಾದಿನೀನೂ ಇಲ್ಲ, ಅವರಪ್ಪನೂ ಇಲ್ಲ,” ಎಂದಳು. “ಎರಡು ವರ್ಷ ಆಯ್ತು ಕಣೆ. ನಾನೇ ತಿಂದು ನೋಡಿದ್ದನ್ನೇ ನಿಂಗೆ ತಂದುಕೊಟ್ಟಿದ್ದು. ಹುರುಳಿ ಸಾರೊಂದನ್ನ ಬಿಟ್ಟು, ಅದನ್ನ ನಿನ್ ಮ್ಯಾಲೇ ಮೊದಲು ನೋಡಿದ್ದು.”

ನಾನು ಅವಳ ಪಕ್ಕ ಕೂತು ಮಡಕೆಯ ಇನ್ನೊಂದು ಕಡೆಗೆ ಕೆನ್ನೆ ಕೊಟ್ಟೆ. ಮಡಕೆಯಾಚೆಯಿಂದ ಅವಳು ನಿಧಾನವಾಗಿ ಹೇಳಿದಳು. “ಒಂದ್ ಮಾತು ಹೇಳ್ಲಾ. ಅವತ್ತು ಮಧ್ಯಾಹ್ನದ ತನಕ ಗಾಳಿ ಬಂತಲ್ಲ, ನಮ್ಮ ಯಜಮಾನ್ರು ಹಪ್ಪಳ ಹೋಯ್ತು ಅಂತ ಬೀದೀಲಿ ಕುಣೀತಿದ್ರೆ ನಾನು ಕಣದ ಮಧ್ಯ ಸುಮ್ನೆ ನಿಂತಿದ್ದೆ. ರಾಗಿ ತೂರಿ ಮುಗಿದಿತ್ತು, ಗಾಳಿ ಇನ್ನೂ ಇತ್ತು. ಮಾಡೋಕೆ ಕೆಲಸ ಇರ್ಲಿಲ್ಲ, ಗಾಳಿ ಮಾತ್ರ ಇತ್ತು. ಅವತ್ತು ಮಲಗಿದ್ದು ನೋಡು, ಎರಡು ವರ್ಷದಲ್ಲಿ ಹಂಗೆ ಮಲಗಿರ್ಲಿಲ್ಲ.”

ಗುಡ್ಡ ಇಳಿಯುವಾಗ ಆಗಲೇ ಹೋಯಿತೇ ಎಂದು ಕೇಳುತ್ತಿದ್ದ ಮುಖಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ದಿನಾ ಗಾಳಿ ಉಂಡವಳು ನಾನು, ಹಸಿದವರು ಎದುರಿಗೆ ನಿಂತು ಕೇಳಿದರೂ ನನಗೆ ತಿಳಿದಿರಲಿಲ್ಲ.

ಹುಣ್ಣಿಮೆ ಮೇಗಲ ಬೀದಿಯ ಪಾಳಿಯ ದಿನವೇ ಬಂತು. ನ್ಯಾಯ ಊರಿನದ್ದು, ಆದ್ದರಿಂದ ಏಳೂ ಬೀದಿಯ ಕೈ ಇಡುವ ಹೆಂಗಸರು ಬರಬೇಕು ಎಂದು ಗೌಡರೇ ಹೇಳಿಕಳಿಸಿದ್ದರು. ಅವರ ಹಿಂದೆ ಕರೆಯದೆಯೂ ಬಂದ ಹೆಂಗಸರು ಬಹಳ. ನಾದಿನಿಯರ ಮದ್ದು ತಂದುಕೊಟ್ಟವರೆಲ್ಲ ಇದ್ದರು, ತಮ್ಮ ಮದ್ದೇ ಗೆಲ್ಲುತ್ತದೆಯೇ ನೋಡಲು. ಗುಡ್ಡದ ಬುಡದಲ್ಲಿ ಓಂಕಾರಿ ಬಿಸಿ ಬಿಸಿ ಶುಂಠಿ ಕಾಫಿಯ ಲೋಟ ಹಿಡಿದು ನಿಂತಿದ್ದ.

“ಅತ್ತಿಗೆ, ಹತ್ತೋದು ಐತೆ, ಒಂದ್ ಗುಟುಕು ಹಾಕ್ಕೊಂಡು ಹೋಗು,” ಎಂದ, ಜೇನು ಸುರಿಯುವ ದನಿಯಲ್ಲಿ.

ಒಂದು ತಿಂಗಳಿಂದ ಕಾಫಿಯ ವಾಸನೆಗೂ ಹತ್ತಿರ ಹೋಗಿರಲಿಲ್ಲ. ಬಾಯಲ್ಲಿ ನೀರೂರಿತು, ಸುಳ್ಳು ಯಾಕೆ ಹೇಳಲಿ. “ನೀನೇ ಕುಡಿಯಪ್ಪ ಓಂಕಾರಿ,” ಎಂದೆ. “ಬೆಳಿಗ್ಗೆ ಎದ್ದಿದೀಯ, ಅಭ್ಯಾಸ ಇಲ್ಲ.”

ಹೆಂಗಸರು ನಕ್ಕರು. ನಾನು ಮೆಲ್ಲಗೆ ಹತ್ತಿದೆ. ನ್ಯಾಯಕ್ಕೆಂದು ಹಿಂದಿನ ಸಂಜೆ ನನ್ನಿಂದ ಇಸಿದುಕೊಂಡಿದ್ದ ಕೀಲಿಯನ್ನು ಮೇಲೆ ಗೌಡರು ಕೊಟ್ಟರು, ಮೇಗಲ ಬೀದಿಯ ಕದ ತೆಗೆದೆ, ಕೀಲಿ ಅವರಿಗೇ ಒಪ್ಪಿಸಿ ಕಲ್ಲಿನ ಮೇಲೆ ಕೂತೆ. ಗಾಳಿ ಬಂದು ಬೆನ್ನಿಗೆ ತಾಗಿತು. ಕೊಟ್ರಮ್ಮ ಹಿಂದೆ ನಿಂತು ಕೈ ಇಟ್ಟಳು. ಪಂಚಾಯ್ತಿಯವರು, ಅವರ ಜೊತೆ ಹತ್ತಿ ಬಂದ ಓಂಕಾರಿ, ಹೆಂಗಸರು ಸುತ್ತ ನಿಂತರು.

ಹೊಕ್ಕುಳ ಕಡೆಗೇ ನನ್ನ ಪ್ರಾಣವೆಲ್ಲ ಇತ್ತು. ಈಗ ಬರುತ್ತದೆ, ಈಗ ಹತ್ತುತ್ತದೆ ಎಂದು ಕಾದೆ. ಒಂದು ಸಲ ಎದೆಯ ಹತ್ತಿರ ಸಣ್ಣಗೆ ಮಿಡುಕಿತು, ಮೂಗಿನಿಂದ ನಿಧಾನವಾಗಿ ಉಸಿರೆಳೆದು ಬಿಟ್ಟೆ, ಅದು ಅಲ್ಲಿಯೇ ನಂದಿತು. ಕೆಳಗೆ ಮೇಗಲ ಬೀದಿಯಲ್ಲಿ ರಾಗಿ ತೂರುವವರು ಕಾಣುತ್ತಿದ್ದರು. ರಾಶಿ ಹದವಾಗಿ ಬೆಳೆಯುತ್ತ ಬಂತು, ಹೊಟ್ಟು ಒಂದು ಕಡೆ, ಕಾಳು ಒಂದು ಕಡೆ. ನನ್ನ ಬೆನ್ನು ಕುತ್ತಿಗೆಯಿಂದ ಕೆಳಕ್ಕೆ ಆರುತ್ತ ಬಂದು ಕೊನೆಗೆ ಸೊಂಟದ ಹತ್ತಿರವೂ ಆರಿತು. ಕೊಟ್ರಮ್ಮ ಹೇಳುವ ಮೊದಲೇ ನನಗೆ ಗೊತ್ತಾಯಿತು. ಸರಿಯಾಗಿ ಒಂದು ಬೆವರು. ಗೆದ್ದೆ ಎಂದುಕೊಂಡೆ.

“ಆರಿತೇನೆ,” ಎಂದು ಗೌಡರು ಹೆಂಡತಿಯನ್ನು ಕೇಳಿದರು.

ಕೊಟ್ರಮ್ಮನ ಅಂಗೈ ನನ್ನ ಬೆನ್ನ ಮೇಲೆಯೇ ಇತ್ತು. ಗೌಡರು ಮತ್ತೆ ಕೇಳಿದರು.

“ಇಲ್ಲ,” ಎಂದಳು ಕೊಟ್ರಮ್ಮ.

ಓಂಕಾರಿ ಒಂದು ಹೆಜ್ಜೆ ಮುಂದೆ ಬಂದ. ಹಾಳು ಮಾಡಿದಳು, ನನ್ನ ಅನ್ನಕ್ಕೆ ಕಲ್ಲು ಹಾಕಿದಳು ಎಂದು ತಿರುಗಿ ನೋಡಿದೆ. ಅವಳ ಮುಖ ಹಣೆಯಿಂದ ಗದ್ದದವರೆಗೆ ಕೆಂಪಾಗಿ ತೊಯ್ದುಹೋಗಿತ್ತು. ಅವಳು ಬಂದು ನನ್ನ ಪಕ್ಕದಲ್ಲಿ, ಹಾಸುಗಲ್ಲಿನ ಮೇಲೆ, ಗಾಳಿಗೆ ಬೆನ್ನು ಹಾಕಿ ಕೂತಳು.

“ಅವಳ ಬೆವರು ಆರೈತೆ. ಸರಿಯಾಗಿ ಆರೈತೆ, ನನ್ ಕೈಗೆ ಗೊತ್ತಾಗ್ತೈತೆ,” ಎಂದಳು. “ನಂದು ಆರಿಲ್ಲ.”

“ನಿಂದ್ಯಾರು ಕೇಳಿದ್ರು,” ಎಂದರು ಗೌಡರು. “ಗಂಟಿ ಅವಳು.”

“ಕಲ್ಲಿನ ಮ್ಯಾಲೆ ಕೂತೋರ ಬೆವರು ಅಂತ ತಾನೆ ಕಟ್ಟಳೆ. ನಾನೂ ಕೂತಿದೀನಿ.” ಆಮೇಲೆ ದನಿ ತಗ್ಗಿಸಿದಳು, ಆದರೆ ಎಲ್ಲರಿಗೂ ಕೇಳಿಸಿತು. “ನಾಲ್ಕು ವರ್ಷದಿಂದ ತಂಪಿಗೆ ರುಬ್ಬುವ ಕಲ್ಲು ತಬ್ಕೊಂಡು ಮಲಗ್ತಿದೀನಿ. ಗಾಳಿ ಬರೋ ದಿನ ನಿಮ್ ನೆಂಟರಿಗೆ ಹೋಳಿಗೆ ಬೇಯಿಸ್ಕೊಂಡು ಒಲೆ ಮುಂದೆ ಇರ್ತೀನಿ. ಇವಳ ಬೆನ್ನು ಮುಟ್ಟಿದಾಗ ನನ್ ಬೆನ್ನೇ ಮುಟ್ಟಿದಂಗಾಗಿ ಹೆದರಿಕೊಂಡಿದ್ದೆ.”

ಗೌಡರ ಮುಖದಿಂದ ನ್ಯಾಯ ಇಳಿದುಹೋಯಿತು. “ಒಂದ್ ಮಾತು ನಂಗೆ ಹೇಳಬಾರ್ದಿತ್ತಾ,” ಎಂದರು.

“ಹೇಳಿದ್ರೆ ಏನ್ ಮಾಡ್ತಿದ್ರಿ. ನಂಗೂ ಒಂದು ಹುಣ್ಣಿಮೆ ವಾಯಿದೆ ಕೊಡ್ತಿದ್ರಿ.”

ಅಷ್ಟರಲ್ಲಿ ಹುಚ್ಚೀರಮ್ಮ ಜನರನ್ನು ಸರಿಸಿಕೊಂಡು ಬಂದು ಕೊಟ್ರಮ್ಮನ ಪಕ್ಕ ಧೊಪ್ಪೆಂದು ಕೂತಳು. “ನಂದೂ ಆರಿಲ್ಲ ಗೌಡ್ರೇ. ನಾದಿನೀದಲ್ಲ, ನಂದೇ.” ಅವಳ ಹಿಂದೆ ಕಾಮಕಸ್ತೂರಿಯವಳು ಬಂದಳು, ದಾಳಿಂಬೆ ಸಿಪ್ಪೆಯವಳು ಬಂದಳು, ಬಾಳೆ ಎಲೆಯವಳು ಬಂದಳು. ನಂದೇ, ನಂದೂ, ನನಗೆ ನಾದಿನಿಯೇ ಇಲ್ಲ ಎನ್ನುತ್ತ ಒಬ್ಬೊಬ್ಬರೂ ಕೂತರು. ಕಲ್ಲು ತುಂಬಿತು, ಕೂತವರು ಒತ್ತರಿಸಿಕೊಂಡು ಜಾಗ ಮಾಡಿದರು. ಕೆಲವರು ಅಳುತ್ತಿದ್ದರು, ಹೆಚ್ಚಿನವರು ನಗುತ್ತಿದ್ದರು. ತಾನೊಬ್ಬಳೇ ಎಂದು ವರ್ಷಗಟ್ಟಲೆ ಮಡಕೆ ತಬ್ಬಿದವರು ಒಬ್ಬರ ಮುಖ ಒಬ್ಬರು ನೋಡಿ, ನೀನೂನಾ, ನೀನೂನಾ ಎಂದು ಕೇಳಿಕೊಳ್ಳುತ್ತಿದ್ದರು.

ಓಂಕಾರಿಗೆ ತಡೆಯಲಿಲ್ಲ. “ಇದೆಂಥ ಆಟ ಗೌಡ್ರೇ. ಅತ್ತಿಗೆ ಬೆವರು ಆರಿದ ಮ್ಯಾಲೆ ಕದ ಮುಚ್ಚಬೇಕು ತಾನೆ,” ಎಂದು ಹೋಗಿ ಕದಕ್ಕೆ ಭುಜ ಕೊಟ್ಟ.

“ಕೈ ತೆಗಿ ಓಂಕಾರಿ,” ಎಂದರು ಗೌಡರು. “ನಮ್ಮನೇರು ಕೂತವ್ರೆ.”

ನಾನು ಎದ್ದು ನಿಂತೆ. “ಗೌಡ್ರೇ, ಇಲ್ಲಿ ಒಂದು ತಪ್ಪು ನಡೀತೈತೆ. ಇದು ಮೇಗಲ ಬೀದಿ ಗಾಳಿ. ಈ ಗಾಳೀಲಿ ಹುಚ್ಚೀರಮ್ಮನ ಬೆವರು ಆರಿಸಿದ್ರೆ ನಿಮ್ ಬೀದಿಯೋರ ಪಾಲು ಕದ್ದಂಗೆ ಆಗ್ತೈತೆ. ಅವಳು ಎಣ್ಣೆಗಾಣದ ಬೀದಿಯೋಳು, ಅವಳ ಬೀದಿ ಕದ ತೆಗೀಬೇಕು. ಇವಳು ಕುಂಬಾರ ಬೀದಿಯೋಳು. ಇಲ್ಲಿ ಏಳು ಬೀದಿಯೋರೂ ಕೂತವ್ರೆ.”

ಗೌಡರು ಕೂತವರನ್ನೆಲ್ಲ ಒಂದು ಸಲ ನೋಡಿದರು. ಕೊನೆಗೆ ತಮ್ಮ ಹೆಂಡತಿಯನ್ನು ನೋಡಿದರು. ಅವಳು ಕಣ್ಣು ಮುಚ್ಚಿದ್ದಳು, ಸೆರಗು ಗಾಳಿಗೆ ಹಾರುತ್ತಿತ್ತು, ಆ ಗಂಟು ಮುಖ ಸಡಿಲವಾಗಿತ್ತು. ಅವರು ಕೀಲಿಯನ್ನು ನನ್ನ ಮುಂದೆ ಹಿಡಿದರು. “ತಗೋಳವ್ವ. ಬೆವರು ಹದವಾಗಿ ಆರೈತೆ ಅಂತ ನಮ್ಮನೇರೇ ಹೇಳಾಯ್ತು. ಗಂಟಿ ನೀನೇ. ಎಷ್ಟು ಕದ ತೆಗೀಬೇಕೋ ನೀನೇ ನೋಡು.”

ಅದುವರೆಗೆ ಏಳು ಕದಗಳನ್ನು ಒಟ್ಟಿಗೆ ಯಾರೂ ತೆರೆದಿರಲಿಲ್ಲ. ಒಂದೊಂದಾಗಿ ಅಗುಳಿ ಎಳೆಯುತ್ತ ಹೋದೆ. ಐದನೆಯ ಕದಕ್ಕೆ ನನ್ನ ಮುಡಿ ಬಿಚ್ಚಿಹೋಯಿತು. ಏಳನೆಯದು ತೆರೆದಾಗ ಇಡೀ ಗುಡ್ಡ ಉಸಿರುಬಿಟ್ಟಿತು. ಕೆಳಗೆ ಊರಿಗೆ ಊರೇ ಅಲುಗಿತು. ಏಳು ಬೀದಿಯ ಸೀರೆಗಳೂ ಒಟ್ಟಿಗೆ ಎದ್ದವು, ಏಳು ಬೀದಿಯ ಧೂಳೂ ಒಂದಾಯಿತು, ಗಂಡಸರು ಜಗಲಿಯಿಂದ ಇಳಿದು ಹಾಸಿಗೆ, ಮೊರ, ಚಾಪೆಗಳ ಹಿಂದೆ ಓಡುತ್ತಿದ್ದರು. ಯಾವ ಹೆಂಗಸೂ ಹಿಡಿಯಲು ಎದ್ದು ಹೋಗಲಿಲ್ಲ. ಕಾಮಕಸ್ತೂರಿಯವಳು, ಅಕೋ ನಮ್ಮ ಕಂಬಳಿ ಹೋಯಿತು ಎಂದು ಬೆರಳು ತೋರಿಸಿ ನಕ್ಕಳೇ ಹೊರತು ಕೂತಲ್ಲಿಂದ ಕದಲಲಿಲ್ಲ. ನಾನು ಕದಗಳ ನಡುವೆ ನಿಂತು, ಜೀವಮಾನದಲ್ಲಿ ಮೊದಲ ಸಲ, ನನ್ನ ಗಾಳಿಯನ್ನು ಬೇರೆಯವರು ಉಣ್ಣುವುದನ್ನು ನೋಡಿದೆ. ಆ ಹೊತ್ತಿನಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಹೊತ್ತು ನೆತ್ತಿಗೆ ಬಂತು. ಪಂಚಾಯ್ತಿಯವರು ಬಂಡೆಯ ಮರೆಗೆ ಕುಕ್ಕರುಗಾಲಲ್ಲಿ ಕೂತಿದ್ದರು. ಗೌಡರು ಎರಡೂ ಕೈಯಲ್ಲಿ ರುಮಾಲು ಹಿಡಿದುಕೊಂಡು ಗಾಳಿಗೆ ಬಗ್ಗಿ ನನ್ನ ಹತ್ತಿರ ಬಂದರು. “ನಿಂಗಾಜಮ್ಮ, ಒಂದ್ಸಲ ಮುಟ್ಟಿ ನೋಡವ್ವ,” ಎಂದರು. “ಈಗಲಾದ್ರೂ ಆರಿರಬೇಕು.”

ನಾನು ಹೋಗಿ ಕೊಟ್ರಮ್ಮನ ಬೆನ್ನ ಮೇಲೆ ಅಂಗೈ ಇಟ್ಟೆ. ತಣ್ಣಗೆ, ಒಣಗಿ, ನುಣುಪಾಗಿತ್ತು. ಆರಿ ಎಷ್ಟು ಹೊತ್ತಾಗಿತ್ತೋ. ಅವಳು ಕಣ್ಣು ತೆರೆಯಲಿಲ್ಲ.

“ಇಲ್ಲ ಗೌಡ್ರೇ,” ಎಂದೆ. “ಇನ್ನೂ ಹಸಿ ಐತೆ.”